ಬಾಯಿ ಮುಚ್ಚದ ಹೈ-ಹ್ಯಾಟ್

ಜೂನ್ ತಿಂಗಳ ರಾತ್ರಿ. ಹೊರಗೆ ಜಡಿಮಳೆ. ಮಂಗಳೂರಿನ ಬಿಜೈಯ ನಮ್ಮ ಫ್ಲ್ಯಾಟಿನಲ್ಲಿ ಎಲೆಕ್ಟ್ರಾನಿಕ್ ಡ್ರಮ್ ಕಿಟ್ಟಿನ ಮುಂದೆ ಕೂತು, ಹೆಡ್‌ಫೋನ್ ಹಾಕಿಕೊಂಡು ಒಂದು ರೋಸ್ (ಇಲ್ಲಿನ ಕ್ರೈಸ್ತರ ಮದುವೆಗೆ ಮುಂಚಿನ ಶಾಸ್ತ್ರ) ಕಾರ್ಯಕ್ರಮಕ್ಕೆ ಹಾಡು ಅಭ್ಯಾಸ ಮಾಡುತ್ತಿದ್ದೆ. ಎಡಗಾಲು ಪೆಡಲನ್ನು ಪೂರ್ತಿ ಒತ್ತಿಯೇ ಇದೆ. ಹೈ-ಹ್ಯಾಟ್, ಅಂದರೆ ಕಾಲಿನಿಂದ ತೆರೆದು ಮುಚ್ಚುವ ಜೋಡಿ ತಾಳ, ‘ಟಿಕ್ ಟಿಕ್ ಟಿಕ್’ ಅನ್ನಬೇಕು. ಮೂರು ಸಲ ಹಾಗೆಯೇ ಅಂದಿತು. ನಾಲ್ಕನೆಯದಕ್ಕೆ ‘ಚ್ಯಾಂಯ್’ ಎಂದು ಬಾಯಿ ಬಿಟ್ಟಿತು.

ಮತ್ತೆ ಬಾರಿಸಿದೆ. ಮತ್ತೆ ಅದೇ. ನನ್ನ ಕಿಟ್ ಸೆಕೆಂಡ್ ಹ್ಯಾಂಡ್. ರಬ್ಬರಿನ ಹೈ-ಹ್ಯಾಟ್ ಪ್ಯಾಡ್ ರ‍್ಯಾಕಿನ ಕೈಗೆ ಅಲುಗಾಡದಂತೆ ಕೂತಿರುತ್ತದೆ, ಪೆಡಲ್ ಬೇರೆಯೇ ನೆಲದ ಮೇಲೆ. ಪ್ಯಾಡಿನ ಕತೆ ಮುಗಿಯಿತು, ಹೊಸದು ತಗೊಳ್ಳಬೇಕು ಎಂದು ಆ ರಾತ್ರಿಯೇ ತೀರ್ಮಾನ ಮಾಡಿಬಿಟ್ಟೆ. ನಿಜ ಹೇಳಬೇಕೆಂದರೆ ಹೊಸದು ತಗೊಳ್ಳಲು ಒಂದು ನೆಪ ಬೇಕಿತ್ತು, ಅಷ್ಟೇ.

ಸ್ವಲ್ಪ ಯೋಚಿಸಿದ್ದರೆ ಪ್ಯಾಡಿನ ತಪ್ಪಲ್ಲ ಎಂದು ಅಲ್ಲೇ ಗೊತ್ತಾಗುತ್ತಿತ್ತು. ಯಕ್ಷಗಾನದ ಹಿಮ್ಮೇಳದಲ್ಲಿ ಚಕ್ರತಾಳ ಹಾಕುವವರು ಒಮ್ಮೆ ಬಿಟ್ಟು, ಒಮ್ಮೆ ಒತ್ತಿ ಹಿಡಿಯುತ್ತಾರಲ್ಲ, ಆ ಕೆಲಸವನ್ನು ಕಾಲಿಗೆ ಕೊಟ್ಟರೆ ಹೈ-ಹ್ಯಾಟ್. ನನ್ನದರಂಥ ಎಲೆಕ್ಟ್ರಾನಿಕ್ ಕಿಟ್ಟಿನಲ್ಲಿ ಈ ಕೆಲಸ ಎರಡು ಪಾಲಾಗುತ್ತದೆ. ಪ್ಯಾಡಿನೊಳಗೆ ಒಂದು ಪೀಜೋ ಸೆನ್ಸರ್. ಏಟು ಎಷ್ಟು ಜೋರು ಎಂದು ಹೇಳುವುದು ಅದು. ಅಂಚಿನಲ್ಲಿ ಒಂದು ತೆಳು ಸ್ವಿಚ್ ಪಟ್ಟಿ. ಏಟು ಮೇಲ್ಮೈಗೆ ಬಿತ್ತೋ ಅಂಚಿಗೋ ಎಂದು ಹೇಳುವುದು ಅದು. ಎಷ್ಟು ತೆರೆದಿದೆ, ಎಷ್ಟು ಮುಚ್ಚಿದೆ ಎಂಬುದು ಮಾತ್ರ ಪೂರ್ತಿ ಪೆಡಲಿನ ಕೈಯಲ್ಲಿ. ನನ್ನ ಏಟುಗಳೆಲ್ಲ ಸರಿಯಾಗಿ ಕೇಳುತ್ತಿದ್ದವು. ಮುಚ್ಚಿದ್ದು ಮಾತ್ರ ಮಾಡ್ಯೂಲಿಗೆ, ಅಂದರೆ ಶಬ್ದ ಹುಟ್ಟಿಸುವ ಪೆಟ್ಟಿಗೆಗೆ, ತಿಳಿಯುತ್ತಿರಲಿಲ್ಲ.

ಮರುದಿನ ಮಾಡ್ಯೂಲನ್ನು ಯುಎಸ್‌ಬಿಯಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಮಾಡ್ಯೂಲ್ ಕಳಿಸುವ ಸಂದೇಶಗಳನ್ನು ತೋರಿಸುವ ಒಂದು ಉಚಿತ ಮಿಡಿ ಮಾನಿಟರ್ ತೆರೆದೆ. ಪೆಡಲ್ ಎಲ್ಲಿದೆ ಎಂಬುದು ಸಿಸಿ 4 ಎಂಬ ಸಂದೇಶದಲ್ಲಿ, 0ಯಿಂದ 127ರ ನಡುವಿನ ಒಂದು ಸಂಖ್ಯೆಯಾಗಿ ಬರುತ್ತದೆ. ನನ್ನ ಮಾಡ್ಯೂಲಿನಲ್ಲಿ ಪೂರ್ತಿ ಮುಚ್ಚಿದರೆ 127. ಕಾಲು ಒತ್ತಿ, ಉಸಿರು ಬಿಗಿಹಿಡಿದು ಕೂತೆ. 109. 112. 96. ಮತ್ತೆ 110. ಕಾಲು ಕದಲಿಲ್ಲ ಮಾರಾಯ್ರೆ, ಸಂಖ್ಯೆ ಮಾತ್ರ ಕುಣಿಯುತ್ತಾ ಇದೆ!

ಪೆಡಲಿನ ಕೇಬಲ್ ಬಿಚ್ಚಿ, ಜ್ಯಾಕಿಗೆ ಮಲ್ಟಿಮೀಟರ್ ಹಿಡಿದು ಓಮ್ಸ್ ನೋಡಿದೆ. ಇಂಥ ಪೆಡಲನ್ನು ನಿಧಾನ ಒತ್ತಿದಾಗ ರೆಸಿಸ್ಟೆನ್ಸ್ ಒಂದೇ ಸಮ ಇಳಿಯುತ್ತಾ ಹೋಗಬೇಕು. ನನ್ನದು ಅರ್ಧ ದಾರಿ ಸರಿಯಾಗಿ ಇಳಿದು, ಆಮೇಲೆ ಜಿಗಿಯುತ್ತಿತ್ತು. ತಳದ ನಾಲ್ಕು ಸ್ಕ್ರೂ ಬಿಚ್ಚಿದೆ. ಒಳಗೆ ಕಾರ್ಬನ್ ಗೆರೆಗಳಿರುವ ಒಂದು ಹಾಳೆ, ಅದರ ಮೇಲೆ ಒತ್ತುವ ಕಪ್ಪು ರಬ್ಬರ್ ತುಂಡು. ಟಿವಿ ರಿಮೋಟ್ ಬಿಚ್ಚಿದವರಿಗೆ ಈ ವ್ಯವಸ್ಥೆ ಪರಿಚಯ ಇರುತ್ತದೆ. ಹಾಳೆಯ ಮೇಲೆ ಬೂಷ್ಟು ಹಿಡಿದ ಹಾಗೆ ಒಂದು ಮಬ್ಬು ಪದರ. ನಮ್ಮೂರಿನ ಮಳೆಗಾಲದಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕಕ್ಕೆ ಹಿಡಿಯುವುದು ಇದಕ್ಕೆ ಹಿಡಿಯದೆ ಇರುತ್ತದಾ? ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಮೆತ್ತಗೆ ಒರೆಸಿ, ಒಣಗಲು ಬಿಟ್ಟು, ಮುಚ್ಚಿದೆ. ಸಂಖ್ಯೆ 127ಕ್ಕೆ ಹೋಗಿ ಸುಮ್ಮನೆ ನಿಂತಿತು.

ಎರಡು ವಾರ ಆರಾಮ. ಆಮೇಲೆ ಮತ್ತೆ ‘ಚ್ಯಾಂಯ್’. ಈ ಸಲ ಬಿಚ್ಚಿ ಟಾರ್ಚ್ ಹಿಡಿದಾಗ, ರಬ್ಬರ್ ಹೆಚ್ಚು ಒತ್ತುವ ಕಡೆ ಕಾರ್ಬನ್ ಗೆರೆಯೇ ಸವೆದಿರುವುದು ಕಂಡಿತು. ಅದಕ್ಕೆ ಹತ್ತಿಕಡ್ಡಿ ಸಾಲದು. ಹೊಸ ಪೆಡಲ್ ಮಾತ್ರ ಹಾಕಿದ್ದರೂ ನಡೆಯುತ್ತಿತ್ತು. ಆದರೆ ನಿಜವಾದ ಸ್ಟ್ಯಾಂಡಿನ ಮೇಲೆ ಕೂರುವ, ಕಾಲಿನ ಜೊತೆ ಮೇಲೆ ಕೆಳಗೆ ಆಡುವ ಹೈ-ಹ್ಯಾಟ್ ಬೇಕೆಂಬ ಆಸೆ ಹಳೆಯದು. ಕಾರ್ಯಕ್ರಮದ ಸಭಾಂಗಣದಲ್ಲಿ ಅಸಲಿ ಕಿಟ್ ಬಾರಿಸುವಾಗ ನನ್ನ ಎಡಗಾಲು ಯಾವಾಗಲೂ ತಡವರಿಸುತ್ತಿತ್ತು, ಮನೆಯ ಪೆಡಲಿನಲ್ಲಿ ಸ್ಪ್ರಿಂಗೂ ಇಲ್ಲ, ತೂಕವೂ ಇಲ್ಲ.

ಕೊಳ್ಳುವ ಮೊದಲು ನಾನು ಜಾಸ್ತಿ ತಲೆ ಕೆಡಿಸಿಕೊಂಡದ್ದು ಒಂದೇ ವಿಷಯಕ್ಕೆ: ನನ್ನ ಮಾಡ್ಯೂಲಿನ ಪಟ್ಟಿಯಲ್ಲಿ ಆ ಹೈ-ಹ್ಯಾಟಿನ ಹೆಸರು ಉಂಟಾ? ಜ್ಯಾಕ್ ಹೆಚ್ಚಿನವುಗಳದ್ದು ಒಂದೇ ಕಾಲು ಇಂಚಿನದ್ದು, ಹಾಗಾಗಿ ಒಂದರದ್ದು ಇನ್ನೊಂದಕ್ಕೆ ಹೋಗಿ ಕೂರುತ್ತದೆ. ಒಳಗಿನ ವೈರಿಂಗ್ ಮಾತ್ರ ಎಲ್ಲ ಕಂಪನಿಯದ್ದೂ ಒಂದೇ ಅಲ್ಲ. ಹೊಂದದಿದ್ದರೆ ತೆರೆದದ್ದು ಮುಚ್ಚಿದ ಹಾಗೆ, ಮುಚ್ಚಿದ್ದು ತೆರೆದ ಹಾಗೆ ಕೇಳಬಹುದು. ಕೆಲವು ಅಗ್ಗದ ಮಾಡ್ಯೂಲುಗಳಿಗೆ ನಡುವಿನ ಸ್ಥಿತಿ ಗೊತ್ತೇ ಇಲ್ಲ, ತೆರೆ ಅಥವಾ ಮುಚ್ಚು, ಎರಡೇ. ಅಂಥದ್ದಕ್ಕೆ ದುಬಾರಿ ಹೈ-ಹ್ಯಾಟ್ ಹಾಕಿದರೆ ದುಡ್ಡು ನೇತ್ರಾವತಿಗೆ.

ಪೆಟ್ಟಿಗೆ ಬಂತು. ಸ್ಟ್ಯಾಂಡ್ ಬ್ಯಾಂಡಿನ ಗೆಳೆಯನದ್ದು, ಕಡಲಗಾಳಿಗೆ ಅದರ ಸರಳು ತುಕ್ಕು ಹಿಡಿದಿತ್ತು. ಸ್ಯಾಂಡ್‌ಪೇಪರಿನಿಂದ ಉಜ್ಜಿ, ಒಂದು ತೊಟ್ಟು ಎಣ್ಣೆ ಬಿಟ್ಟೆ. ಹೊಸ ಹೈ-ಹ್ಯಾಟಿಗೆ ಎರಡು ಕೇಬಲ್: ಒಂದು ಏಟಿಗೆ, ಒಂದು ಕಂಟ್ರೋಲಿಗೆ. ಕಿಟ್ಟಿನ ಹಳೆಯ ಕೇಬಲ್ ಒಂದು ಮೋಟು, ಸ್ಟ್ಯಾಂಡಿನವರೆಗೆ ಎಟುಕಲಿಲ್ಲ. ಮೂಲೆಯಲ್ಲಿದ್ದ ಇನ್ನೊಂದನ್ನು ಸಿಕ್ಕಿಸಿದೆ.

ಎಲ್ಲಿ ಬಾರಿಸಿದರೂ ಅಂಚಿನ ಶಬ್ದ! ನಡುವೆ ಕೋಲಿನ ತುದಿಯಿಂದ ಮೆತ್ತಗೆ ಮುಟ್ಟಿದರೂ ಅಂಚಿನದ್ದೇ. ಹೊಸ ಮಾಲು ಹಾಳು ಎಂದು ವಾಪಸ್ ಕಳಿಸಲು ಪೆಟ್ಟಿಗೆಯನ್ನೂ ಎತ್ತಿಟ್ಟಿದ್ದೆ. ಆಗ ಕೈಯಲ್ಲಿದ್ದ ಜ್ಯಾಕ್ ಕಣ್ಣಿಗೆ ಬಿತ್ತು. ಅದರ ತುದಿಯಲ್ಲಿ ಕಪ್ಪು ಉಂಗುರ ಒಂದೇ. ಪಕ್ಕದ ಕೇಬಲ್ ನೋಡಿದರೆ ಎರಡು. ನಾನು ಸಿಕ್ಕಿಸಿದ್ದು ತಮ್ಮನ ಗಿಟಾರಿನ ಮೋನೋ ಕೇಬಲ್. ಅಂಚಿನ ಸ್ವಿಚ್ಚಿಗೆ ಜ್ಯಾಕಿನಲ್ಲಿ ಒಂದು ಪ್ರತ್ಯೇಕ ಭಾಗ ಇರುತ್ತದೆ. ಮೋನೋ ಹಾಕಿದರೆ ಆ ಭಾಗ ಅರ್ತಿಂಗಿಗೆ ಸೇರಿಬಿಡುತ್ತದೆ, ಅಂಚನ್ನು ಯಾರೋ ಸದಾ ಒತ್ತಿ ಹಿಡಿದಿದ್ದಾರೆ ಎಂದು ಮಾಡ್ಯೂಲ್ ತಿಳಿಯುತ್ತದೆ. ಹಂಪನಕಟ್ಟೆಗೆ ಹೋಗಿ 250 ರೂಪಾಯಿ ಕೊಟ್ಟು ಸ್ಟೀರಿಯೋ ಕೇಬಲ್ ತಂದೆ.

ಆಮೇಲೆ ಆಫ್‌ಸೆಟ್. ಮೇಲಿನ ಪ್ಯಾಡಿನ ಮೂಲ ಸ್ಥಾನ ಯಾವುದೆಂದು ಮಾಡ್ಯೂಲಿಗೆ ಕಲಿಸುವ ಅಳತೆ ಅದು. ಇದರಲ್ಲಿ ತಪ್ಪಿದ್ದು ಪೂರ್ತಿ ನಾನೇ. ಪ್ಯಾಡನ್ನು ಸರಳಿಗೆ ಹಿಡಿದಿಡುವ ಕ್ಲಚ್ಚಿನ ಸ್ಕ್ರೂ ಸಡಿಲ ಮಾಡಿ, ಮೇಲಿನ ಪ್ಯಾಡ್ ತನ್ನ ತೂಕದಲ್ಲೇ ಕೆಳಗಿನ ಸೆನ್ಸರಿನ ಮೇಲೆ ಕೂರುವಂತೆ ಬಿಟ್ಟು, ಆಗ ಮಾಡ್ಯೂಲಿನಲ್ಲಿ ಬಟನ್ ಒತ್ತಬೇಕು. ಕಾಲು ಪೆಡಲಿನ ಮೇಲೆ ಇರಬಾರದು. ನನಗೆ ಸ್ಟೂಲಿನಲ್ಲಿ ಕೂತ ಕೂಡಲೇ ಕಾಲು ತಾನಾಗಿ ಪೆಡಲಿಗೆ ಹೋಗುತ್ತದೆ. ಎರಡು ಸಲ ಅಳತೆ ತಪ್ಪಾಯಿತು. ಮೂರನೇ ಸಲ ಎದ್ದು ನಿಂತು ಒತ್ತಿದೆ. ಆಮೇಲೆ ಮೇಲಿನ ಪ್ಯಾಡನ್ನು ಸುಮಾರು ಒಂದು ಸೆಂಟಿಮೀಟರ್ ಎತ್ತಿ ಕ್ಲಚ್ ಬಿಗಿ ಮಾಡಿದೆ. ತೆರೆದದ್ದು, ಮುಚ್ಚಿದ್ದು, ನಡುವಿನ ಆ ಸೊರಸೊರ ಶಬ್ದ, ಎಲ್ಲ ಬಂತು.

ಸಣ್ಣಪುಟ್ಟದ್ದು ಉಳಿದಿತ್ತು. ಪೆಡಲ್ ತುಳಿದಾಗ ‘ಚಿಕ್’ ಎರಡು ಸಲ ಬರುತ್ತಿತ್ತು, ಒಂದು ಏಟಿನ ನಂತರ ಮಾಡ್ಯೂಲ್ ಕಿವಿ ಮುಚ್ಚಿಕೊಳ್ಳುವ ಅವಧಿಯಾದ ಮಾಸ್ಕ್ ಟೈಮನ್ನು 8ರಿಂದ 12 ಮಿಲಿಸೆಕೆಂಡಿಗೆ ಏರಿಸಿದ ಮೇಲೆ ನಿಂತಿತು. ಇನ್ನೂ ಏರಿಸಿದರೆ ವೇಗದ ಏಟುಗಳನ್ನು ನುಂಗುತ್ತದೆ, ಅದನ್ನೂ ಮಾಡಿ ನೋಡಿದ್ದೇನೆ. ಸ್ನೇರ್ ಡ್ರಮ್ ಹೊಡೆದರೆ ಹೈ-ಹ್ಯಾಟ್ ಕೂಡ ಸದ್ದು ಮಾಡುವ ಹಳೆಯ ಕಾಟ ತಾನಾಗಿ ಹೋಯಿತು, ಎರಡೂ ಈಗ ಒಂದೇ ರ‍್ಯಾಕಿನಲ್ಲಿ ಇಲ್ಲವಲ್ಲ. ಸ್ಟ್ಯಾಂಡ್ ಮಾತ್ರ ಟೈಲ್ಸಿನ ಮೇಲೆ ಜಾರುತ್ತಿತ್ತು. ಅಡಿಗೆ ದಪ್ಪ ಕಾರ್ಪೆಟ್ ಹಾಕಿದೆ, ಕೆಳಗಿನ ಮನೆಯ ಆಂಟಿಯ ದೂರೂ ಕಡಿಮೆಯಾಯಿತು.

ಮಳೆಗಾಲದಲ್ಲಿ ಈಗ ಕಿಟ್ಟಿನ ಮೇಲೆ ಪ್ಲಾಸ್ಟಿಕ್ ಹೊದಿಸುವುದಿಲ್ಲ, ಒಳಗೆ ತೇವ ಕೂರುತ್ತದೆ. ಹಳೆಯ ಹತ್ತಿ ಬೆಡ್‌ಶೀಟ್ ಸಾಕು. ತಿಂಗಳಿಗೊಮ್ಮೆ ಜ್ಯಾಕುಗಳನ್ನು ಎಳೆದು, ಒರೆಸಿ, ಮತ್ತೆ ಹಾಕುತ್ತೇನೆ.

ಫುಟ್ ಸ್ಪ್ಲ್ಯಾಶ್ (ಪೆಡಲ್ ತುಳಿದು ತಕ್ಷಣ ಬಿಟ್ಟು ಹೈ-ಹ್ಯಾಟ್ ಝೇಂಕರಿಸುವಂತೆ ಮಾಡುವುದು) ಮಾತ್ರ ಇನ್ನೂ ಕೈಗೆ, ಅಲ್ಲ, ಕಾಲಿಗೆ ಸಿಕ್ಕಿಲ್ಲ. ಹತ್ತರಲ್ಲಿ ಆರು ಸಲ ಬರುತ್ತದೆ. ಉಳಿದ ನಾಲ್ಕು ಸಲದ್ದು ಸೆಟ್ಟಿಂಗಿನ ತಪ್ಪೋ ನನ್ನ ಹಿಮ್ಮಡಿಯದ್ದೋ, ಈ ಶನಿವಾರ ಮತ್ತೆ ಲ್ಯಾಪ್‌ಟಾಪ್ ಸಿಕ್ಕಿಸಿ ನೋಡಬೇಕು.