ಬೀಮ್ ಮೇಲೆ ಮಗು ನಿಂತುಬಿಟ್ಟಾಗ

ಜಿಮ್ನಾಸ್ಟಿಕ್ಸ್‌ನ ಬೀಮ್ (ಎತ್ತರದಲ್ಲಿರುವ ಕಿರಿದಾದ ಪಟ್ಟಿ) ಮೇಲೆ ನಿನ್ನೆವರೆಗೂ ಸಲೀಸಾಗಿ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ (ಹಿಂದಕ್ಕೆ ಹಾರಿ, ಕೈಯೂರಿ, ಮತ್ತೆ ಕಾಲ ಮೇಲೆ ನಿಲ್ಲುವ ಪಲ್ಟಿ) ಹಾಕುತ್ತಿದ್ದ ಹುಡುಗಿ ಇವತ್ತು ಕೈ ಎತ್ತುತ್ತಾಳೆ, ಮಂಡಿ ಮಡಚುತ್ತಾಳೆ, ಅಲ್ಲೇ ನಿಲ್ಲುತ್ತಾಳೆ. ಮತ್ತೆ ಕೈ ಎತ್ತುತ್ತಾಳೆ, ಮತ್ತೆ ನಿಲ್ಲುತ್ತಾಳೆ. ಇದು ಸೋಮಾರಿತನವೂ ಅಲ್ಲ, ಹಟವೂ ಅಲ್ಲ, ಭಯ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಚಾಂಪಿಯನ್ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಅಂಥವರಿಗೇ ಗಾಳಿಯಲ್ಲಿ ಮೈಯ ಅಂದಾಜು ತಪ್ಪಿತ್ತು; ಟೀಮ್ ಫೈನಲ್‌ ಬಿಟ್ಟು ಹೊರಬಂದರು.

ಮೊದಲು ನೋವಿದೆಯಾ ಕೇಳಿ. ಮಣಿಕಟ್ಟು, ಸೊಂಟದ ನೋವನ್ನು ಮಕ್ಕಳು ಮುಚ್ಚಿಡುತ್ತಾರೆ. ನೋವಿದ್ದರೆ ಡಾಕ್ಟರ್ ಹತ್ತಿರ, ಅಭ್ಯಾಸ ಆಮೇಲೆ. ದಿಢೀರನೆ ಎತ್ತರ ಬೆಳೆದರೂ ಟೈಮಿಂಗ್ ಕೆಡುತ್ತದೆ. ಚಿಕ್ಕಮಗಳೂರು, ಸಕಲೇಶಪುರ ಕಡೆ ಮಳೆಗೆ ವಾರಗಟ್ಟಲೆ ಪ್ರಾಕ್ಟೀಸ್ ತಪ್ಪಿದ ಮೇಲೂ ಭಯ ಮರಳುವುದುಂಟು.

ಆಮೇಲೆ ಮಟ್ಟ ಇಳಿಸಿ. ಬೀಮ್ ಅಗಲ 10 ಸೆಂ.ಮೀ., ಎತ್ತರ 125 ಸೆಂ.ಮೀ. ಅಗಲ ಹಾಗೇ ಇರಲಿ, ಎತ್ತರ ಮಾತ್ರ ಕಡಿಮೆ ಮಾಡಿ: ಮೊದಲು ನೆಲದ ಗೆರೆ, ನಂತರ ನೆಲಕ್ಕೆ ಇಟ್ಟ ಬೀಮ್, ಗಿಡ್ಡ ಬೀಮ್, ಕೊನೆಗೆ ಎರಡೂ ಪಕ್ಕ ಮ್ಯಾಟ್ ಪೇರಿಸಿದ ಎತ್ತರದ ಬೀಮ್. ಆ ಮ್ಯಾಟ್‌ಗಳನ್ನು ಒಂದೊಂದಾಗಿಯೇ ತೆಗೆಯಿರಿ. ಭಯಕ್ಕೆ ಹತ್ತರಲ್ಲಿ ಎಷ್ಟು ಅಂಕ ಎಂದು ಮಗುವನ್ನೇ ಕೇಳಿ. ಮೂರು ನಾಲ್ಕು ಅಂದ ಮಟ್ಟದಲ್ಲಿ ಕೆಲಸ ಮಾಡಿ. ಎರಡು ಬೇರೆ ಬೇರೆ ದಿನ ಐದೈದು ಸಲ ಸರಿಯಾಗಿ ಬಂದರೆ ಮುಂದಿನ ಮಟ್ಟ. ಮೂರು ಸಲ ನಿಂತಳೋ, ಒಂದು ಮಟ್ಟ ಕೆಳಗೆ. ದಯವಿಟ್ಟು ಬೈಯಬೇಡಿ.

"ಇನ್ನೊಂದೇ ಒಂದು ಸಲ" ಎಂಬ ಒತ್ತಾಯವೇ ಎಲ್ಲಕ್ಕಿಂತ ಅಪಾಯ. ಹೆದರಿದ ಮಗು ಅರೆಮನಸ್ಸಿನಿಂದ ಹಾರಿ ನಡುವೆಯೇ ಹಿಂಜರಿಯುತ್ತದೆ. ಕಾಲು ಪೂರ್ತಿ ತಳ್ಳಿರುವುದಿಲ್ಲ, ಮೊಣಕೈ ಮಡಚಿಕೊಳ್ಳುತ್ತದೆ, ತಲೆ ಬೀಮ್‌ಗೆ ಬಡಿಯುತ್ತದೆ. ಒಂದು ಏಟಿಗೆ ಭಯ ದುಪ್ಪಟ್ಟು. ಚಾಕೊಲೇಟ್ ಆಸೆ ತೋರಿಸುವುದೂ ಇದೇ ಒತ್ತಾಯದ ಇನ್ನೊಂದು ರೂಪ.

ಹಾರುವ ಮುಂಚೆ ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ಮನಸ್ಸಲ್ಲಿ ಮೂರೇ ಮಾತು: "ಕೂರು, ತಳ್ಳು, ಕೈ ನೆಟ್ಟಗೆ." "ಬೀಳಬೇಡ" ಎಂದರೆ ಕಣ್ಣ ಮುಂದೆ ಬರುವುದು ಬೀಳುವ ಚಿತ್ರವೇ.

ಮನೆಗೆ ಹೋಗುವಾಗ ಸ್ಕೂಟರ್ ಮೇಲೆ "ಇವತ್ತಾದ್ರೂ ಬಂತಾ?" ಅನ್ನಬೇಡಿ. ಊಟದ ಮಾತಾಡಿ. ಸ್ಪರ್ಧೆ ಬೆಂಗಳೂರಿನಲ್ಲಿದ್ದರೆ ಹಿಂದಿನ ದಿನವೇ ಹೊರಡಿ. ನಸುಕಿನ ಬಸ್ಸಿನಲ್ಲಿ ನಿದ್ದೆಗೆಟ್ಟ ಮಗುವಿಗೆ ಭಯ ಬೇಗ ಹತ್ತುತ್ತದೆ.

ನಿದ್ದೆ, ಊಟ ಬಿಟ್ಟಿದ್ದರೆ, ಪ್ರಾಕ್ಟೀಸ್ ದಿನ ಬೆಳಿಗ್ಗೆಯೇ ಹೊಟ್ಟೆನೋವು ಎಂದು ಎರಡು ವಾರ ಕಳೆದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.