ವಿಆರ್‌ಚಾಟ್‌ಗೆ ಹೋಗುವ ಮಕ್ಕಳಿಗೆ ಮೊದಲು ಇಷ್ಟು ಮಾಡಿಕೊಡಿ

ಮಡಿಕೇರಿಯ ಮಳೆಗಾಲದಲ್ಲಿ ನನ್ನ ತಂಗಿ ಮಗಳಿಗೆ ವಿಆರ್ ಹೆಡ್‌ಸೆಟ್ಟೇ ಆಟದ ಬಯಲು. ವಿಆರ್‌ಚಾಟ್ ಅಂದರೆ ಜನ ‘ಅವತಾರ್’ ಎಂಬ ಬೊಂಬೆರೂಪದಲ್ಲಿ ಸೇರಿ ಮಾತಾಡುವ ಆನ್‌ಲೈನ್ ಲೋಕ. ವಿಆರ್‌ಚಾಟ್‌ಗೆ 13 ವರ್ಷ ತುಂಬಿರಲೇಬೇಕು, ಅದು ನೆನಪಿರಲಿ.

ಮೊದಲು ಅಲ್ಲಿ ಇಟ್ಟುಕೊಳ್ಳುವ ಹೆಸರು. ಮನೆತನದ ಹೆಸರು ಖಂಡಿತ ಬೇಡ. ನಮ್ಮ ಕೊಡಗಲ್ಲಿ ಅದೊಂದು ಗೊತ್ತಾದರೆ ಮನೆ ಬಾಗಿಲಿಗೇ ಬರಬಹುದು, ಅಲ್ವಾ? ಶಾಲೆ, ಊರು, ತೋಟದ ಹೆಸರೂ ಮಾತಲ್ಲಿ ಬರಬಾರದು. ಮೈಕ್ ಆನ್ ಇದ್ದರೆ ಹಿಂದೆ ಅಜ್ಜಿ ಕೂಗುವ ಹೆಸರೂ ಕೇಳುತ್ತದೆ. ಬೇಡದಾಗ ಮ್ಯೂಟ್ ಮಾಡಿಡಿ.

ಆಮೇಲೆ ಸೇಫ್ಟಿ ಮೆನು. ಅಲ್ಲಿ ‘ವಿಸಿಟರ್’, ‘ನ್ಯೂ ಯೂಸರ್’ ದರ್ಜೆಯವರ, ಅಂದರೆ ಹೊಸಬರ, ಧ್ವನಿ, ಅವತಾರ್ ಎರಡನ್ನೂ ಆಫ್ ಮಾಡಿ. ಪರ್ಸನಲ್ ಸ್ಪೇಸ್ ಆನ್ ಇದ್ದರೆ ತೀರಾ ಹತ್ತಿರ ಬಂದವರು ಕಣ್ಣಿಗೆ ಕಾಣುವುದಿಲ್ಲ.

ಯಾರಾದರೂ ಕಾಡಿದರೆ ಸುಮ್ನೆ ವಾದ ಬೇಡ. ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ, ಹೊರಗೆ ಬರಲಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.