ಐದು ವರ್ಷದ ಹಳೇ ಸುಳ್ಳನ್ನು ನಾನೇ ಬರೆದುಕೊಟ್ಟೆ, ಕ್ಲಿಯರೆನ್ಸ್ ಸಿಕ್ಕಿತು

ಅಮೆರಿಕದಲ್ಲಿ ಡಿಫೆನ್ಸ್ ಕೆಲಸದಲ್ಲಿರುವ ನಮ್ಮವರಿಗೆ ಎಸ್‌ಎಫ್-86 ಅಂದರೆ ಏನು ಅಂತ ಹೇಳಬೇಕಿಲ್ಲ. ಉಳಿದವರಿಗೆ: ಸರ್ಕಾರದ ಗುಟ್ಟಿನ ಮಾಹಿತಿ ನೋಡಲು ಬೇಕಾದ ಅನುಮತಿಗೆ, ಅಂದರೆ ಕ್ಲಿಯರೆನ್ಸ್‌ಗೆ, ತುಂಬುವ ಫಾರ್ಮ್.

2014, 15ರಲ್ಲಿ ಡೆನ್ವರ್‌ನಲ್ಲಿದ್ದಾಗ ಗಾಂಜಾ ಗಮ್ಮಿ (ಗಾಂಜಾ ಬೆರೆಸಿದ ಮಿಠಾಯಿ) ತಿಂದಿದ್ದೆ. ಏಳೆಂಟು ಸಲ ಇರಬಹುದು. ಕೊಲರಾಡೊದಲ್ಲಿ ಆಗ ಅಂಗಡಿಯಲ್ಲೇ ಮಾರುತ್ತಿದ್ದರು. 2016ರಲ್ಲಿ ಸೀಕ್ರೆಟ್ ದರ್ಜೆಯ ಕ್ಲಿಯರೆನ್ಸ್‌ಗೆ ಫಾರ್ಮ್ ತುಂಬುವಾಗ, ಮಾದಕ ವಸ್ತು ಬಳಸಿದ್ದೀರಾ ಅಂತ ಕೇಳುವ 23ನೇ ಸೆಕ್ಷನ್‌ಗೆ ‘ಇಲ್ಲ’ ಅಂತ ಒತ್ತಿದೆ. ಕ್ಲಿಯರೆನ್ಸ್ ಬಂತು. 2021ರಲ್ಲಿ ಅದಕ್ಕಿಂತ ಮೇಲಿನ ಟಾಪ್ ಸೀಕ್ರೆಟ್‌ಗೆ ಮತ್ತೆ ಅದೇ ಪ್ರಶ್ನೆ.

ಗೆಳೆಯರದ್ದೆಲ್ಲ ಒಂದೇ ಮಾತು: “ಸುಮ್ನೆ ಇಲ್ಲ ಅಂತ ಹಾಕು ಮಾರಾಯ, ಯಾರಿಗೆ ಗೊತ್ತಾಗತ್ತೆ?”

ನಾನು ಡೋಹಾ (ಕ್ಲಿಯರೆನ್ಸ್ ತಕರಾರುಗಳನ್ನು ವಿಚಾರಿಸುವ ರಕ್ಷಣಾ ಇಲಾಖೆಯ ಕಚೇರಿ) ತೀರ್ಪುಗಳನ್ನು ಓದಲು ಕೂತೆ. ಸುಮಾರು ಇನ್ನೂರು ಓದಿದ್ದೇನೆ. ಮಾದಕ ವಸ್ತುವಿನ ಆಕ್ಷೇಪ, ಅಂದರೆ ಗೈಡ್‌ಲೈನ್ ಎಚ್, ಒಂದೇ ಇದ್ದು, ಬಿಟ್ಟು ಕೆಲವು ವರ್ಷ ಆಗಿದ್ದರೆ ಎಷ್ಟೋ ಜನ ಪಾರಾಗಿದ್ದರು. ಪಕ್ಕದಲ್ಲಿ ಗೈಡ್‌ಲೈನ್ ಇ (ಸುಳ್ಳು, ಅಪ್ರಾಮಾಣಿಕ ನಡತೆಯ ಆಕ್ಷೇಪ) ಬಂದು ಕೂತರೆ ಕಷ್ಟ. ಗಾಂಜಾಕ್ಕಿಂತ ಸುಳ್ಳೇ ಜಾಸ್ತಿ ಜನರನ್ನು ಕೆಡವಿತ್ತು.

‘ಹೌದು’ ಒತ್ತಿದೆ. ಕೆಳಗಿನ ಖಾನೆಯಲ್ಲಿ 2016ರ ಉತ್ತರ ಸುಳ್ಳು ಅಂತಲೂ ಬರೆದೆ. ಸುಳ್ಳು ಹೇಳಿಕೆಗೆ 5 ವರ್ಷದವರೆಗೆ ಜೈಲು ಇರುವ ಕಾನೂನು. ಸಬ್ಮಿಟ್ ಒತ್ತುವ ಮುಂಚೆ ಅರ್ಧ ಗಂಟೆ ಬೆರಳು ಮೌಸ್ ಮೇಲೇ ಇತ್ತು. ಕಾಶಿಯಲ್ಲಿ ಕುಡಿದ ಭಂಗ್ ಲಸ್ಸಿಯನ್ನೂ ಬಿಡಲಿಲ್ಲ.

ಹದಿನಾಲ್ಕು ತಿಂಗಳಾದ ಮೇಲೆ ಎಸ್‌ಒಆರ್ (ಕ್ಲಿಯರೆನ್ಸ್ ಯಾಕೆ ಕೊಡಬಾರದು ಅನ್ನುವ ಕಾರಣಗಳ ನೋಟಿಸ್) ಬಂತು. ಎಚ್, ಇ ಎರಡೂ. ಉತ್ತರಕ್ಕೆ 20 ದಿನ. ನಾನೇ ಬರೆದ ಮೊದಲ ಉತ್ತರ ಪೂರ್ತಿ ಹಾಳು. “ರಾಜ್ಯದಲ್ಲಿ ಕಾನೂನುಬದ್ಧ, ನೇಮಕಾತಿಯವರೇ ‘ಇಲ್ಲ’ ಅಂತ ಹಾಕು ಅಂದರು” ಅಂತೆಲ್ಲ ಗೀಚಿದ್ದೆ. ಫೆಡರಲ್ ಕಾನೂನಿಗೆ ರಾಜ್ಯದ ಮಾತು ನಡೆಯಲ್ಲ, ಇನ್ನೊಬ್ಬರ ಮೇಲೆ ಹಾಕಿದರೆ ಇ ಇನ್ನೂ ಗಟ್ಟಿಯಾಗುತ್ತೆ. ನಾನು ಹಿಡಿದ ವಕೀಲರು ಓದಿ, ಪೂರ್ತಿ ಹೊಸದಾಗಿ ಬರೆಯಿರಿ ಅಂದರು. ಬೇರೊಬ್ಬ ವಕೀಲರು 15 ಸಾವಿರ ಡಾಲರ್ ಕೇಳಿದ್ದರು, ಇವರು 9 ಸಾವಿರಕ್ಕೆ ಒಪ್ಪಿದರು. ಎರಡು ವರ್ಷ ತಪ್ಪಿದ ಸಂಬಳ ಏರಿಕೆ ಸೇರಿಸಿದರೆ ಲೆಕ್ಕ ಎಪ್ಪತ್ತು ಸಾವಿರ ದಾಟುತ್ತದೆ.

ಶಿಫಾರಸು ಪತ್ರ ಹನ್ನೊಂದು ತಂದಿದ್ದೆ. ಎಂಟು ಕಸಕ್ಕೆ ಹೋದವು, ಬರೆದವರಿಗೆ ನಾನು ಏನು ಮಾಡಿದ್ದೆ ಅಂತಲೇ ಗೊತ್ತಿರಲಿಲ್ಲ. ನನ್ನ ಬಾಸ್‌ಗೆ ಬಾಯಿಬಿಟ್ಟು ಹೇಳಿದ ಮೇಲೆ ಅವರು ಬರೆದ ಒಂದು ಪುಟ ಎಲ್ಲಕ್ಕಿಂತ ತೂಕದ್ದಾಯಿತು. ಇನ್ನು ಮುಟ್ಟುವುದಿಲ್ಲ, ಮುಟ್ಟಿದರೆ ಕ್ಲಿಯರೆನ್ಸ್ ಕಿತ್ತುಕೊಳ್ಳಿ ಅನ್ನುವ ಸಹಿ ಮಾಡಿದ ಹೇಳಿಕೆಯನ್ನೂ ಕೊಟ್ಟೆ.

ಈ ಮಧ್ಯೆ ನನ್ನದೇ ಒಂದು ಪ್ರಯೋಗ: ಕೂದಲ ಪರೀಕ್ಷೆ. ಅದು ಸುಮಾರು 90 ದಿನದ್ದಷ್ಟೇ ತೋರಿಸುತ್ತೆ. ಹಾಗಾಗಿ ಮೂರು ತಿಂಗಳಿಗೊಮ್ಮೆ, ನಾಲ್ಕು ಸಲ ಮಾಡಿಸಿದೆ. ಸಲಕ್ಕೆ ನೂರೈವತ್ತು ಡಾಲರ್ ಇರಬೇಕು. ವಕೀಲರು ಬೇಡ ಅಂದಿದ್ದರು, ನ್ಯಾಯಾಧೀಶರು ಮಾತ್ರ ವರದಿಗಳ ತಾರೀಖನ್ನು ಒಂದೊಂದಾಗಿ ಓದಿಸಿದರು.

ವಿಚಾರಣೆ ವಿಡಿಯೊದಲ್ಲೇ ಆಯಿತು. ಸರ್ಕಾರಿ ವಕೀಲರು ಹಿಡಿದದ್ದು ಒಂದೇ ಎಳೆ: “ಐದು ವರ್ಷ ತಡ ಮಾಡಿದ್ದು ತಕ್ಷಣದ ತಿದ್ದುಪಡಿ ಹೇಗಾಗುತ್ತೆ?” ತಕ್ಷಣದ್ದಲ್ಲ, ತಡವಾಯಿತು ಅಂತ ಒಪ್ಪಿಕೊಂಡೆ. ಯಾರೂ ಕೇಳುವ ಮೊದಲೇ ಹೇಳಿದೆ, ಅಷ್ಟೇ ನನ್ನ ಹತ್ತಿರ ಇರುವುದು ಅಂದೆ.

ಹತ್ತು ವಾರಕ್ಕೆ ತೀರ್ಪು. ಎಚ್ ನನ್ನ ಪರ, ಇ ನನ್ನ ಪರ. ಹಾಸನದಲ್ಲಿ ಆಗ ಬೆಳಗಿನ ಜಾವ ನಾಲ್ಕು. ಅಮ್ಮ ಮೊದಲ ರಿಂಗಿಗೇ ಫೋನ್ ಎತ್ತಿದರು.